ವಿದ್ಯುತ್ ಪಿಕಪ್ ಗಾಡಿ: ನಮ್ಮ ಸಂಘಕ್ಕೆ ತಕ್ಕದ್ದೇ?

(ಬೆಳ್ಳಿಹಬ್ಬದ ಅಂಗವಾಗಿ ಸಂಘದ ಗೋದಾಮಿನ ಆವರಣದಲ್ಲಿ ನಡೆದ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನನಗೂ ನಾಲ್ಕು ಮಾತು ಆಡಲು ಅವಕಾಶ ಕೊಟ್ಟಿದ್ದಕ್ಕೆ ಆಡಳಿತ ಮಂಡಳಿಗೆ ವಂದನೆಗಳು. ನಾನು ಎಸ್.ಎಸ್.ಎಲ್.ಸಿ. ಓದಿ ತೋಟ ಹಿಡಿದವನು. ಭಾಷಣ ಮಾಡಿ ಅಭ್ಯಾಸ ಇಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

1905 ರಲ್ಲಿ ಗದಗದ ಹತ್ತಿರ ಕಣಗಿನಹಾಳ ಎಂಬ ಹಳ್ಳಿಯಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಒಬ್ಬನ ಕೈಲಿ ಆಗದ್ದನ್ನು ಹತ್ತು ಜನ ಸೇರಿ ಮಾಡುವುದು, ಇಷ್ಟೇ ಅದರ ತಿರುಳು. ನಮ್ಮ ಸಂಘ ಗಾಡಿ ಇಟ್ಟುಕೊಂಡದ್ದೂ ಅದಕ್ಕೇ. ಎರಡು ಎಕರೆ ತೋಟ ಇರುವವನು ನಾಲ್ಕು ಮೂಟೆ ಗೊಬ್ಬರಕ್ಕೆ ಜೀಪ್ ಬಾಡಿಗೆ ಕೊಟ್ಟು ಬದುಕಲಿಕ್ಕಾಗುವುದಿಲ್ಲ. ಸಂಘದ ಪಿಕಪ್ ಗೋಣಿಕೊಪ್ಪಕ್ಕೆ ಹೋಗುತ್ತದೆ, ಗೊಬ್ಬರ, ಸುಣ್ಣ, ಅಕ್ಕಿ ತರುತ್ತದೆ. ವಾಪಸು ಹೋಗುವಾಗ ಸದಸ್ಯರ ಕಾಫಿ, ಕರಿಮೆಣಸು ಕೊಂಡೊಯ್ಯುತ್ತದೆ. ಮೂಟೆಗೆ ಇಷ್ಟು ಅಂತ ಕೊಟ್ಟರಾಯಿತು.

ಆ ಪಿಕಪ್ ಈಗ ಮುದಿಯಾಗಿದೆ. 2011 ರಲ್ಲಿ ಕೊಂಡದ್ದು. ಪ್ರತಿವರ್ಷ ಎಫ್.ಸಿ. ಮಾಡಿಸುವ ಹೊತ್ತಿಗೆ ಕಾರ್ಯದರ್ಶಿಯವರಿಗೆ ಜ್ವರ ಬಂದ ಹಾಗೆ ಆಗುತ್ತದೆ. ಹೊಸದು ಬೇಕು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇಲ್ಲ. ಯಾವುದು ಅನ್ನುವುದೇ ಪ್ರಶ್ನೆ. ನಮ್ಮ ಹುಡುಗರು ಕರೆಂಟ್ ಗಾಡಿ ತನ್ನಿ ಅಂದರು. ಹಿರಿಯರು ಘಟ್ಟದ ಊರಿಗೆ ಆಟದ ಸಾಮಾನು ತರಬೇಡಿ ಅಂದರು. ಕಡೆಗೆ ಮೂರು ಜನರ ಉಪಸಮಿತಿ ಮಾಡಿ, ವಿಚಾರಿಸಿ ಹೇಳು ಅಂತ ನನ್ನನ್ನೂ ಅದರಲ್ಲಿ ಹಾಕಿದರು.

ಇಲ್ಲಿ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಗೋದಾಮಿನ ಹಿಂದೆ ಟಾರ್ಪಾಲು ಹೊದ್ದು ನಿಂತಿರುವ ಕಾಫಿ ಒಣಗಿಸುವ ಯಂತ್ರ ನೀವೆಲ್ಲ ನೋಡಿದ್ದೀರಿ. ಹನ್ನೆರಡು ವರ್ಷದ ಹಿಂದೆ ಮಹಾಸಭೆಯಲ್ಲಿ ಅದನ್ನು ಕೊಳ್ಳುವ ಠರಾವಿಗೆ ಅನುಮೋದನೆ ಕೊಟ್ಟವನು ನಾನೇ. ಮಾರಿದವರು ಚಂದದ ಪುಸ್ತಕ ತೋರಿಸಿದರು, ನಾನು ನಂಬಿದೆ. ಎರಡು ಹಂಗಾಮು ಓಡಿತು. ಆಮೇಲೆ ಒಂದು ಭಾಗ ಹೋಯಿತು, ಆ ಭಾಗ ಇವತ್ತಿನವರೆಗೆ ಬಂದಿಲ್ಲ. ನಮ್ಮ ಒಬ್ಬರು ಹಿರಿಯ ಸದಸ್ಯೆ ಪ್ರತಿ ಮಹಾಸಭೆಯಲ್ಲೂ ಎದ್ದು ನಿಂತು ಕೇಳುತ್ತಾರೆ: "ಮಗಾ, ನನ್ನ ಷೇರಿನ ದುಡ್ಡು ಅಲ್ಲಿ ತುಕ್ಕು ಹಿಡೀತಾ ಉಂಟಲ್ಲ, ಏನ್ ಮಾಡ್ದೆ?" ನನ್ನ ಹತ್ತಿರ ಉತ್ತರ ಇರುವುದಿಲ್ಲ. ಆದ್ದರಿಂದ ಈ ಸಲ ಪುಸ್ತಕ ನೋಡಿ ಮರುಳಾಗಬಾರದು, ಪ್ರತಿಯೊಂದು ಅಂಕಿಯನ್ನೂ ನಮ್ಮ ರಸ್ತೆಗೆ, ನಮ್ಮ ಮೂಟೆಗೆ ತಂದು ತೂಗಬೇಕು ಅಂತ ಪಣ ತೊಟ್ಟೆ. ಆ ತೂಕವನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಕರೆಂಟ್ ಗಾಡಿ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಬೆಂಗಳೂರಿನ ರೇವಾ ಕಾರು 2001 ರಲ್ಲೇ ರಸ್ತೆಗೆ ಇಳಿದಿತ್ತು. 2010 ರಲ್ಲಿ ಆ ಕಂಪನಿಯನ್ನು ಮಹೀಂದ್ರದವರು ತೆಗೆದುಕೊಂಡರು. ಆದರೆ ಸಾಮಾನು ಹೊರುವ ನಾಲ್ಕು ಚಕ್ರದ ಸಣ್ಣ ಗಾಡಿ ಜನರ ಬಾಯಲ್ಲಿ ಬಂದದ್ದು ಈಚೆಗೆ. 2022 ರ ಮೇ ತಿಂಗಳಲ್ಲಿ ಟಾಟಾದವರು ಏಸ್ ಇ.ವಿ. ತೋರಿಸಿದರು. 2024 ರ ಅಕ್ಟೋಬರಿನಲ್ಲಿ ಮಹೀಂದ್ರ ಝಿಯೋ ಬಂತು. ಹೆಸರು ಕೇಳಿದರೆ ಮೊಬೈಲ್ ಸಿಮ್ಮು ನೆನಪಾಗುತ್ತದೆ, ಇದು ಬೇರೆ. ಅದೇ ವರ್ಷ ಯೂಲರ್ ಎಂಬ ಹೊಸ ಕಂಪನಿಯ ಸ್ಟಾರ್ಮ್ ಇ.ವಿ. ಬಂತು. 2025 ರ ಜೂನಿನಲ್ಲಿ ಟಾಟಾದವರ ಏಸ್ ಪ್ರೊ ಇ.ವಿ., ಸೆಪ್ಟೆಂಬರಿನಲ್ಲಿ ಯೂಲರಿನ ಟರ್ಬೊ ಇ.ವಿ. 1000 ಬಂದವು.

ಮೊದಲು ಬೆಲೆ. ಬಿಡುಗಡೆಯ ದಿನ ಕಂಪನಿಗಳು ಹೇಳಿದ ಷೋರೂಂ ಬೆಲೆ ಹೇಳುತ್ತೇನೆ. ಇವತ್ತಿನ ಬೆಲೆಗೆ ಕೊಟೇಶನ್ನೇ ಪ್ರಮಾಣ. ಏಸ್ ಪ್ರೊ ಇ.ವಿ. 6.50 ಲಕ್ಷ. ಝಿಯೋ 7.52 ಲಕ್ಷದಿಂದ ಶುರು, ಮೇಲಿನದು 7.99 ಲಕ್ಷ. ಯೂಲರ್ ಟರ್ಬೊ 5.99 ಲಕ್ಷದಿಂದ. ಯೂಲರ್ ಸ್ಟಾರ್ಮ್‌ನಲ್ಲಿ ಎರಡು ಬಗೆ, 8.99 ಲಕ್ಷ ಮತ್ತು 12.99 ಲಕ್ಷ. ಬೆಲೆ ಕೇಳುವಾಗ ಒಂದು ಎಚ್ಚರ: ಇದು ಬ್ಯಾಟರಿ ಸೇರಿದ ಬೆಲೆಯೋ, ಬ್ಯಾಟರಿಗೆ ತಿಂಗಳ ಬಾಡಿಗೆ ಬೇರೆಯೋ ಅಂತ ಕೇಳಿ ಬರೆಸಿಕೊಳ್ಳಬೇಕು.

ಸಬ್ಸಿಡಿ ಸಿಗುತ್ತದಲ್ಲಾ ಅಂತ ಕೆಲವರು ಕೇಳಿದಿರಿ. ಕೇಂದ್ರದ ಹಳೆಯ ಫೇಮ್ ಯೋಜನೆ 2024 ರ ಮಾರ್ಚ್ 31 ಕ್ಕೆ ಮುಗಿಯಿತು. ಆಮೇಲೆ ಅಕ್ಟೋಬರಿನಲ್ಲಿ ಬಂದ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ಎರಡು ಚಕ್ರ, ಮೂರು ಚಕ್ರ, ಬಸ್ಸು, ಆಂಬುಲೆನ್ಸು, ದೊಡ್ಡ ಲಾರಿ ಸೇರಿದ್ದವು. ನಾಲ್ಕು ಚಕ್ರದ ನಮ್ಮ ಸಣ್ಣ ಪಿಕಪ್ ಸೇರಿರಲಿಲ್ಲ. ಅನುಕೂಲ ಇರುವುದು ಜಿ.ಎಸ್.ಟಿ.ಯಲ್ಲಿ, ಕರೆಂಟ್ ಗಾಡಿಗೆ ಶೇಕಡ 5 ಮಾತ್ರ. ಆದರೆ 2025 ರ ಸೆಪ್ಟೆಂಬರ್ 22 ರಿಂದ ಪೆಟ್ರೋಲ್, ಡೀಸೆಲ್ ಸರಕು ಗಾಡಿಗೂ ಶೇಕಡ 28 ರಿಂದ 18 ಕ್ಕೆ ಇಳಿಸಿದರು. ಹಾಗಾಗಿ ಅಂತರ ಮೊದಲಿನಷ್ಟಿಲ್ಲ.

ಇನ್ನು ಹೊರೆ. ಕಂಪನಿಯವರು ಕಿಲೋ ಲೆಕ್ಕ ಹೇಳುತ್ತಾರೆ, ನಾವು ಐವತ್ತು ಕಿಲೋ ಮೂಟೆ ಲೆಕ್ಕ ಹಾಕೋಣ. ಮೊದಲ ಏಸ್ ಇ.ವಿ. 600 ಕಿಲೋ, ಅಂದರೆ 12 ಮೂಟೆ. ಏಸ್ ಪ್ರೊ 750, ಝಿಯೋ 765, ಎರಡೂ 15 ಮೂಟೆಯ ಗಾಡಿ. ಟರ್ಬೊ ಒಂದು ಟನ್, 20 ಮೂಟೆ. ಸ್ಟಾರ್ಮ್ 1,250 ಕಿಲೋ, 25 ಮೂಟೆ. ನಮ್ಮ ಹಳೇ ಪಿಕಪ್‌ನಲ್ಲಿ ಎಷ್ಟು ಮೂಟೆ ಹೇರುತ್ತೀರಿ ಅಂತ ಡ್ರೈವರನ್ನು ಕೇಳಿದೆ. ನಕ್ಕುಬಿಟ್ಟ. ಆ ಲೆಕ್ಕ ಪುಸ್ತಕದಲ್ಲಿ ಬರೆಯುವಂಥದ್ದಲ್ಲ. ಆದರೆ ಬ್ಯಾಟರಿ ಗಾಡಿಗೆ ಮಿತಿ ಮೀರಿ ಹೇರಿದರೆ ಅದು ಅದೇ ದಿನ ದೂರದಲ್ಲಿ ಕಡಿಮೆ ಮಾಡಿ ಸೇಡು ತೀರಿಸಿಕೊಳ್ಳುತ್ತದೆ. ಇದನ್ನು ಮರೆಯಬಾರದು.

ಈಗ ಎಲ್ಲರೂ ಕೇಳುವ ಮುಖ್ಯ ಪ್ರಶ್ನೆ. ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ? ಕಂಪನಿ ಲೆಕ್ಕದಲ್ಲಿ ಏಸ್ ಇ.ವಿ. 154 ಕಿಲೋಮೀಟರ್, ಏಸ್ ಪ್ರೊ 155, ಝಿಯೋ 160, ದುಬಾರಿ ಸ್ಟಾರ್ಮ್ 200. ಇದನ್ನು ನೋಡಿ ನಾನೂ ಮೊದಲು ಎಲ್ಲ ಹೆಚ್ಚುಕಡಿಮೆ ಒಂದೇ, ಅಗ್ಗದ್ದು ತೆಗೆದುಕೊಂಡರಾಯಿತು ಅಂದುಕೊಂಡೆ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗ ತಡೆದ. "ಮಾವ, ಕಿಲೋಮೀಟರ್ ನೋಡಬೇಡಿ, ಟ್ಯಾಂಕ್ ಎಷ್ಟು ದೊಡ್ಡದು ನೋಡಿ" ಅಂದ.

ಬ್ಯಾಟರಿಯೇ ಇದರ ಟ್ಯಾಂಕು. ಅದರಲ್ಲಿ ಎಷ್ಟು ಯೂನಿಟ್ ಕರೆಂಟ್ ಹಿಡಿಯುತ್ತದೆ ಅನ್ನುವುದೇ ಅಳತೆ. ನಮ್ಮ ಮನೆ ಮೀಟರಿನ ಯೂನಿಟ್ಟೇ ಅದು. ಏಸ್ ಪ್ರೊ ಬ್ಯಾಟರಿ 14.4 ಯೂನಿಟ್. ಝಿಯೋದಲ್ಲಿ 18.4 ಮತ್ತು 21.3 ಯೂನಿಟ್ ಎರಡು ಬಗೆ. ಮೊದಲ ಏಸ್ ಇ.ವಿ. 21.3. ಈಗ ನೋಡಿ, 14.4 ಯೂನಿಟ್‌ನಲ್ಲಿ 155 ಕಿಲೋಮೀಟರ್ ಹೋಗಬೇಕಾದರೆ ಯೂನಿಟ್‌ಗೆ ಹತ್ತೂ ಮುಕ್ಕಾಲು ಕಿಲೋಮೀಟರ್ ಸಿಗಬೇಕು. ಪರೀಕ್ಷೆಯ ಸಮತಟ್ಟು ಹಾದಿಯಲ್ಲಿ ಸಿಗಬಹುದು. ನಮ್ಮ ಏರಿಳಿತದಲ್ಲಿ, ತುಂಬಿದ ಹೊರೆಯಲ್ಲಿ?

ಏರಿನ ಲೆಕ್ಕವನ್ನೂ ಹುಡುಗ ಹಾಕಿ ತೋರಿಸಿದ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು ಸಾವಿರ ಅಡಿ ಏರು. ಗಾಡಿ, ಹೊರೆ ಸೇರಿ 1,800 ಕಿಲೋ ತೂಕವನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ ಒಂದೂವರೆ ಯೂನಿಟ್ ಬೇಕು. ಮೋಟಾರಿನ ನಷ್ಟ ಸೇರಿಸಿ ಎರಡು ಯೂನಿಟ್ ಅನ್ನಿ. ರಸ್ತೆ ಓಡಿದ ಖರ್ಚು ಬೇರೆ. ಇಳಿಯುವಾಗ ಬ್ರೇಕಿನ ಬದಲು ಮೋಟಾರೇ ಹಿಡಿದು ಸ್ವಲ್ಪ ಕರೆಂಟನ್ನು ಬ್ಯಾಟರಿಗೆ ವಾಪಸು ತುಂಬುತ್ತದೆ. ಡೀಸೆಲ್ ಗಾಡಿ ಇಳಿಜಾರಿನಲ್ಲಿ ಎಂದಾದರೂ ಟ್ಯಾಂಕಿಗೆ ಡೀಸೆಲ್ ತುಂಬಿದ್ದುಂಟಾ? ಇದು ಈ ಗಾಡಿಯ ದೊಡ್ಡ ಗುಣ. ಆದರೆ ಕೊಟ್ಟದ್ದೆಲ್ಲ ವಾಪಸು ಬರುವುದಿಲ್ಲ. ಅಮೆರಿಕದಲ್ಲಿ ಫೋರ್ಡ್ ಕಂಪನಿಯವರು 2022 ರಲ್ಲಿ ದೊಡ್ಡ ಕರೆಂಟ್ ಪಿಕಪ್ ತಂದಾಗಲೂ, ಹಿಂದೆ ಭಾರದ ಟ್ರೇಲರ್ ಕಟ್ಟಿ ಎಳೆದು ನೋಡಿದವರು ದೂರ ಅರ್ಧದಷ್ಟಕ್ಕೆ ಇಳಿಯಿತು ಅಂದರು. ಅಲ್ಲಿಯವರಿಗೂ ನಮಗೂ ಪಾಠ ಒಂದೇ.

ಆದ್ದರಿಂದ ನಾವು ಯೂನಿಟ್‌ಗೆ ಐದೇ ಕಿಲೋಮೀಟರ್ ಎಂದು ಬಿಗಿಯಾಗಿ ಹಿಡಿದೆವು. ಆಗ 14.4 ಯೂನಿಟ್ ಬ್ಯಾಟರಿಗೆ 72 ಕಿಲೋಮೀಟರ್. 21.3 ಯೂನಿಟ್ ಬ್ಯಾಟರಿಗೆ 106. ಕಾಗದದಲ್ಲಿ ಐದು ಕಿಲೋಮೀಟರ್ ವ್ಯತ್ಯಾಸ ಇದ್ದದ್ದು ನಮ್ಮ ರಸ್ತೆಗೆ ಬಂದಾಗ ಮೂವತ್ತನಾಲ್ಕು ಆಯಿತು.

ಇನ್ನು ನಮಗೆ ಬೇಕಾದದ್ದು ಎಷ್ಟು? ಗಾಡಿಯ ಲಾಗ್ ಪುಸ್ತಕ ತೆಗೆದು ನೋಡಿದೆವು. ಗೋಣಿಕೊಪ್ಪಕ್ಕೆ ಹೋಗಿ ಬಂದು, ಊರೊಳಗೆ ಸುತ್ತಿದರೆ ದಿನಕ್ಕೆ 50 ಕಿಲೋಮೀಟರ್. ವರ್ಷಕ್ಕೆ 280 ದಿನ ಎಂದರೆ 14,000. ಕಾಫಿ ಕೊಯ್ಲಿನ ಕಾಲದಲ್ಲಿ, ಡಿಸೆಂಬರಿನಿಂದ ಫೆಬ್ರವರಿವರೆಗೆ, ಎರಡು ಟ್ರಿಪ್ಪು ಹೊಡೆದು 85 ರಿಂದ 90 ಆಗುತ್ತದೆ. ತಿಂಗಳಿಗೆ ಒಂದೆರಡು ಸಲ ಹುಣಸೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೋ ಮಡಿಕೇರಿಗೋ ಹೋದರೆ 130. ಮೈಸೂರಾದರೆ 220.

ಮೈಸೂರು, ಹುಣಸೂರಿನ ಟ್ರಿಪ್ಪು ಈ ಸಣ್ಣ ಗಾಡಿಗಳ ಕೆಲಸವಲ್ಲ, ಒಪ್ಪಿಕೊಳ್ಳೋಣ. ದಿನದ 50 ಕ್ಕೆ ಎಲ್ಲ ಗಾಡಿಯೂ ಸಾಕು. ಕೊಯ್ಲಿನ 90 ಕ್ಕೆ ಚಿಕ್ಕ ಬ್ಯಾಟರಿ ಸಾಲದು, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಎರಡು ಗಂಟೆ ಚಾರ್ಜಿಗೆ ಹಾಕಬೇಕು. ಇನ್ನೊಂದು ಮಾತು. ಬ್ಯಾಟರಿಯೂ ಮನುಷ್ಯನ ಹಾಗೆ, ವಯಸ್ಸಾದಂತೆ ಶಕ್ತಿ ಇಳಿಯುತ್ತದೆ. ಐದಾರು ವರ್ಷದಲ್ಲಿ ಐದರಲ್ಲಿ ಒಂದು ಪಾಲು ಹೋಯಿತು ಎಂದು ಹಿಡಿದರೆ 72 ಇದ್ದದ್ದು 58 ಆಗುತ್ತದೆ, 106 ಇದ್ದದ್ದು 85. ಅಗ್ಗದ ಗಾಡಿ ಹೊಸತರಲ್ಲಿ ಸಾಕು, ಹಳತಾದಾಗ ಸಾಲದು. ಮದುವೆಯ ದಿನದ ಚಂದ ನೋಡಿ ಸಂಸಾರದ ಲೆಕ್ಕ ಹಾಕಲಾಗುತ್ತದೆಯೇ?

ಮೂರನೆಯದು ಚಾರ್ಜು ಎಷ್ಟು ಬೇಗ ಆಗುತ್ತದೆ ಎಂಬುದು. ವೇಗದ ಚಾರ್ಜರಿನಲ್ಲಿ ಒಂದು ಗಂಟೆಯಲ್ಲಿ 100 ಕಿಲೋಮೀಟರಿನಷ್ಟು ತುಂಬುತ್ತದೆ ಅಂತ ಝಿಯೋದವರು ಹೇಳುತ್ತಾರೆ. ಮೊದಲ ಏಸ್ ಇ.ವಿ.ಗೆ ಒಂದೂ ಮುಕ್ಕಾಲು ಗಂಟೆ. ಕೇಳಲು ಚೆನ್ನ. ಆದರೆ ನಮ್ಮ ಗೋದಾಮಿನ ಹತ್ತಿರ ಅಂಥ ಚಾರ್ಜರ್ ಇಲ್ಲ. ನಮ್ಮದು 15 ಆಂಪಿಯರಿನ ಪ್ಲಗ್. ಅದರಿಂದ ಗಂಟೆಗೆ ಮೂರು ಯೂನಿಟ್ ಹೋಗುತ್ತದೆ. 14.4 ಯೂನಿಟ್‌ಗೆ ಐದು ಗಂಟೆ, 21.3 ಕ್ಕೆ ಏಳು ಗಂಟೆ, ವೋಲ್ಟೇಜ್ ಇಳಿದರೆ ಇನ್ನೂ ಒಂದೆರಡು. ಗಾಡಿ ರಾತ್ರಿ ಎಂಟಕ್ಕೆ ನಿಂತರೆ ಬೆಳಿಗ್ಗೆ ಆರಕ್ಕೆ ಹೊರಡುವುದು, ಹತ್ತು ಗಂಟೆ ಸಮಯ ಇದೆ. ಹೀಗಾಗಿ ಪಟ್ಟಣದವರಿಗೆ ದೊಡ್ಡದಾದ ಚಾರ್ಜಿನ ವೇಗ ನಮಗೆ ದೊಡ್ಡ ವಿಷಯವಲ್ಲ. ದಾರಿಯಲ್ಲಿರುವ ಚಾರ್ಜರ್ ನಂಬಿ ಗಾಡಿ ಕೊಳ್ಳಬಾರದು, ನಮ್ಮ ಗೋಡೆಯ ಪ್ಲಗ್ ನಂಬಿ ಕೊಳ್ಳಬೇಕು. ಆ ಪ್ಲಗ್‌ಗೆ ಬೇರೆಯೇ ಲೈನು, ಒಳ್ಳೆಯ ಅರ್ತಿಂಗ್ ಆಗಲೇಬೇಕು. ನಮ್ಮ ಸಿಡಿಲಿನ ಊರಿನಲ್ಲಿ ಇದರಲ್ಲಿ ಜಿಪುಣತನ ಮಾಡಬೇಡಿ.

ಮನೆಯಲ್ಲಿ ಸ್ವಂತಕ್ಕೆ ಇಂಥ ಗಾಡಿ ಕೊಳ್ಳಬೇಕೆಂದಿರುವವರಿಗೆ ಒಂದು ಕಿವಿಮಾತು. ದಿನಕ್ಕೆ 50 ಕಿಲೋಮೀಟರ್ ಓಡಿಸಿದರೆ ತಿಂಗಳಿಗೆ 260 ಯೂನಿಟ್ ದಾಟುತ್ತದೆ. ಗೃಹಜ್ಯೋತಿಯ ಮಿತಿ ಹೆಚ್ಚೆಂದರೆ 200 ಯೂನಿಟ್. ಮೀರಿದರೆ ಪೂರ್ತಿ ಬಿಲ್ಲು ನಿಮ್ಮದೇ. ಪ್ರತ್ಯೇಕ ಮೀಟರ್ ಕೇಳಿ ಹಾಕಿಸಿಕೊಳ್ಳಿ.

ಈಗ ದುಡ್ಡಿನ ಲೆಕ್ಕ. ಏಸ್ ಪ್ರೊ ಪೆಟ್ರೋಲ್ ಗಾಡಿ 3.99 ಲಕ್ಷಕ್ಕೆ ಬಂತು, ಜಿ.ಎಸ್.ಟಿ. ಇಳಿದ ಮೇಲೆ 3.70 ಎಂದು ಹಿಡಿದೆ. ಅದು ಲೀಟರಿಗೆ 15 ಕಿಲೋಮೀಟರ್ ಕೊಟ್ಟರೆ, 102 ರೂಪಾಯಿ ಪೆಟ್ರೋಲಿಗೆ ಕಿಲೋಮೀಟರಿಗೆ 6 ರೂಪಾಯಿ 80 ಪೈಸೆ. ಕರೆಂಟ್ ಯೂನಿಟ್‌ಗೆ 7 ರೂಪಾಯಿ, ಸೋರಿಕೆ ಸೇರಿಸಿ, ಕಿಲೋಮೀಟರಿಗೆ 1 ರೂಪಾಯಿ 60 ಪೈಸೆ. ಉಳಿತಾಯ 5 ರೂಪಾಯಿ 20 ಪೈಸೆ. 14,000 ಕಿಲೋಮೀಟರಿಗೆ 72,800 ರೂಪಾಯಿ. ಎಂಜಿನ್ ಆಯಿಲ್, ಫಿಲ್ಟರ್, ಕ್ಲಚ್ಚು ಇಲ್ಲದ್ದರಿಂದ ಇನ್ನೊಂದು 15,000 ಎಂದು ಹಿಡಿದೆ. ಒಟ್ಟು ವರ್ಷಕ್ಕೆ ಸುಮಾರು 88,000.

ಹೆಚ್ಚಿಗೆ ಕೊಡುವ ಬೆಲೆ ಎಷ್ಟು? ಚಿಕ್ಕ ಬ್ಯಾಟರಿಯ ಏಸ್ ಪ್ರೊ ಇ.ವಿ.ಗೆ 2.80 ಲಕ್ಷ. ದೊಡ್ಡ ಬ್ಯಾಟರಿಯ ಝಿಯೋಕ್ಕೆ 4.30 ಲಕ್ಷ. ಆ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ ಬರುತ್ತಿದ್ದ ಬಡ್ಡಿಯನ್ನು ಶೇಕಡ 7 ರಂತೆ ಸೇರಿಸಿದರೂ, ಮೊದಲನೆಯದು ನಾಲ್ಕು ವರ್ಷದೊಳಗೆ, ಎರಡನೆಯದು ಆರು ವರ್ಷ ಚಿಲ್ಲರೆಯಲ್ಲಿ ಹುಟ್ಟುತ್ತದೆ. ಝಿಯೋ ಬ್ಯಾಟರಿಗೆ ಕಂಪನಿಯ ವಾರಂಟಿ ಏಳು ವರ್ಷ ಅಥವಾ ಒಂದೂವರೆ ಲಕ್ಷ ಕಿಲೋಮೀಟರ್. ನಮ್ಮ ಓಟ ಏಳು ವರ್ಷಕ್ಕೆ 98,000. ಅಂದರೆ ವಾರಂಟಿ ಮುಗಿಯುವ ಮೊದಲು ಅಸಲು ಬರುತ್ತದೆ, ಆದರೆ ಕೂದಲೆಳೆ ಅಂತರದಲ್ಲಿ. ಇದರಿಂದ ಸಂಘ ಶ್ರೀಮಂತವಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವರ್ಷಕ್ಕೆ 14,000 ಕಿಲೋಮೀಟರ್ ಓಡದೆ ಷೆಡ್ಡಿನಲ್ಲಿ ನಿಂತರೆ ನಷ್ಟ ಖಂಡಿತ.

ಮಳೆಗಾಲದ ಮಾತು ಆಡದೆ ಮುಗಿಸಿದರೆ ನನ್ನ ಮಾತಿಗೆ ಬೆಲೆ ಇಲ್ಲ. 2018 ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದು, 2019 ರಲ್ಲಿ ತೋರದಲ್ಲಿ ಆದದ್ದು ಯಾರೂ ಮರೆತಿಲ್ಲ. ಆ 2019 ರ ಕಕ್ಕಡದ ಮಳೆಯಲ್ಲಿ ಮರಗಳು ಬಿದ್ದು ನಮ್ಮೂರಿಗೆ ಆರು ದಿನ ಕರೆಂಟ್ ಇರಲಿಲ್ಲ. ನಮ್ಮ ಹಳೇ ಪಿಕಪ್ಪೇ ಅಕ್ಕಿ, ಸೀಮೆಎಣ್ಣೆ, ಔಷಧಿ ತಂದದ್ದು. ಬಸುರಿ ಹೆಣ್ಣುಮಗಳೊಬ್ಬಳನ್ನು ರಾತ್ರಿ ಆಸ್ಪತ್ರೆಗೆ ಮುಟ್ಟಿಸಿದ್ದೂ ಅದೇ. ಅವತ್ತು ನಮ್ಮ ಹತ್ತಿರ ಕರೆಂಟ್ ಗಾಡಿ ಒಂದೇ ಇದ್ದಿದ್ದರೆ ಎರಡನೇ ದಿನಕ್ಕೆ ನಿಂತುಬಿಡುತ್ತಿತ್ತು. ಜರಿಕ್ಯಾನಿನಲ್ಲಿ ಡೀಸೆಲ್ ಹೊತ್ತು ತರಬಹುದು, ಕರೆಂಟ್ ಹೊತ್ತು ತರಲಾಗುವುದಿಲ್ಲ. ಆ ಮಗು ಈಗ ನಮ್ಮೂರ ಶಾಲೆಯಲ್ಲಿ ಓದುತ್ತಿದೆ. ಅದನ್ನು ನೋಡಿದಾಗಲೆಲ್ಲ ಈ ವಿಷಯ ನನಗೆ ನೆನಪಾಗುತ್ತದೆ.

ಡ್ರೈವರ್ ಇನ್ನೊಂದು ಸಂಶಯ ಹೇಳಿದ. "ಸದ್ದೇ ಇಲ್ಲದ ಗಾಡಿ ಅಣ್ಣಾ, ಮುಂಜಾನೆ ತಿರುವಿನಲ್ಲಿ ಆನೆಗೂ ಗೊತ್ತಾಗಲ್ಲ, ಕೆಲಸಕ್ಕೆ ಬರುವ ಹೆಂಗಸರಿಗೂ ಗೊತ್ತಾಗಲ್ಲ." ಎಲ್ಲರೂ ನಕ್ಕರು, ಆದರೆ ಮಾತು ಸುಳ್ಳಲ್ಲ. ತಿರುವಿನಲ್ಲಿ ಹಾರ್ನ್ ಹೊಡೆದು ನಿಧಾನ ಹೋಗುವುದು ಹೊಸದಾಗಿ ರೂಢಿ ಮಾಡಿಕೊಳ್ಳಬೇಕು.

ಏರು ಹತ್ತುತ್ತದೆಯೇ? ಮೊದಲ ಏಸ್ ಇ.ವಿ. ತುಂಬಿದ ಹೊರೆಯಲ್ಲಿ ಶೇಕಡ 22 ರ ಏರು ಹತ್ತುತ್ತದೆ ಎಂದು ಕಂಪನಿಯ ಲೆಕ್ಕ. ನೂರು ಅಡಿ ಮುಂದೆ ಹೋದರೆ 22 ಅಡಿ ಮೇಲೆ. ನಾವು ಗಾರೆಯವರ ನೀರಿನ ಪೈಪು ಹಿಡಿದು ನಮ್ಮೂರಿನ ಅತಿ ಕಡಿದಾದ ಕಣದ ದಾರಿ ಅಳೆದೆವು. ನೂರಕ್ಕೆ 19 ಅಡಿ ಬಂತು. ಒಣಗಿದ ನೆಲದಲ್ಲಿ ಹತ್ತಬಹುದು. ಕೆಸರಿನಲ್ಲಿ ಚಕ್ರ ಜಾರಿದರೆ ಅದು ಮೋಟಾರಿನ ತಪ್ಪಲ್ಲ, ಅಲ್ಲಿಗೆ ಇವತ್ತಿಗೂ ನಾಳೆಗೂ ಜೀಪೇ ಗತಿ.

ಇಷ್ಟೆಲ್ಲ ತೂಗಿ ಉಪಸಮಿತಿ ಹೇಳುವುದು ಹೀಗೆ. ಒಂದು, ಹಳೇ ಡೀಸೆಲ್ ಪಿಕಪ್ ಮಾರಬಾರದು. ರಿಪೇರಿ ಮಾಡಿಸಿ ಇನ್ನೆರಡು ವರ್ಷ ಮಳೆಗಾಲಕ್ಕೆ, ದೂರದ ಟ್ರಿಪ್ಪಿಗೆ ಇಟ್ಟುಕೊಳ್ಳಬೇಕು. ಎರಡು, ದಿನದ ಕೆಲಸಕ್ಕೆ 15 ಮೂಟೆ ಹೊರುವ, 20 ಯೂನಿಟ್‌ಗಿಂತ ದೊಡ್ಡ ಬ್ಯಾಟರಿಯ ಒಂದು ಕರೆಂಟ್ ಗಾಡಿ ಕೊಳ್ಳಬಹುದು. ಇವತ್ತಿನ ಲೆಕ್ಕದಲ್ಲಿ ಝಿಯೋ ಮುಂದಿದೆ. 20 ಮೂಟೆಯ ಟರ್ಬೊ ಬೆಲೆಯಲ್ಲಿ ಆಸೆ ಹುಟ್ಟಿಸುತ್ತದೆ, ಆದರೆ ತೀರ ಹೊಸದು, ಬೇರೆಯವರ ಕೈಲಿ ನಾಲ್ಕು ಮಳೆಗಾಲ ಕಳೆಯಲಿ. 12.99 ಲಕ್ಷದ ಸ್ಟಾರ್ಮ್ ನಮ್ಮ ಕೈಗೆ ಎಟುಕುವುದಲ್ಲ.

ಮೂರನೆಯದೇ ಮುಖ್ಯ. ಯಾವ ಕಂಪನಿಯಾದರೂ ಸರಿ, ಗಾಡಿಯನ್ನು ನಮ್ಮೂರಿಗೆ ತರಬೇಕು. ನಮ್ಮ ಡ್ರೈವರ್ ಓಡಿಸಬೇಕು. 15 ಮೂಟೆ ಗೊಬ್ಬರ ಹೇರಿ ಗೋಣಿಕೊಪ್ಪದಿಂದ ಊರಿಗೆ, ಊರಿಂದ ಆ ಕಣದ ಏರಿಗೆ, ಮೂರು ದಿನ ಓಡಬೇಕು. ರಾತ್ರಿ ನಮ್ಮ ಪ್ಲಗ್‌ನಲ್ಲೇ ಚಾರ್ಜ್ ಆಗಬೇಕು, ಮೀಟರ್ ನೋಡಿ ಬರೆದಿಡಬೇಕು. ಯೂನಿಟ್‌ಗೆ ಐದು ಕಿಲೋಮೀಟರ್ ಬಾರದಿದ್ದರೆ ನಮಸ್ಕಾರ ಹೇಳಿ ಕಳಿಸುವುದು. ಬಂದರೆ, ಗಾಡಿ ನಿಂತಾಗ ಎಷ್ಟು ಗಂಟೆಯೊಳಗೆ ಮೆಕ್ಯಾನಿಕ್ ಬರುತ್ತಾನೆ, ಬಿಡಿಭಾಗ ಎಷ್ಟು ದಿನದಲ್ಲಿ ಬರುತ್ತದೆ ಅಂತ ಕಾಗದದಲ್ಲಿ ಬರೆಸಿಕೊಂಡ ಮೇಲೆಯೇ ಚೆಕ್ ಬರೆಯುವುದು. ಒಣಗಿಸುವ ಯಂತ್ರ ಕೊಳ್ಳುವಾಗ ಈ ಒಂದು ಕಾಗದ ಕೇಳಿದ್ದರೆ ಇವತ್ತು ಅದು ಟಾರ್ಪಾಲಿನ ಕೆಳಗೆ ಇರುತ್ತಿರಲಿಲ್ಲ. ಕೇಳದೆ ಬಿಟ್ಟದ್ದು ನನ್ನದೂ ತಪ್ಪು. ತುಂಬಿದ ಸಭೆಯಲ್ಲಿ ಒಪ್ಪಿಕೊಳ್ಳುತ್ತೇನೆ.

ಬೇಡ ಅಂತ ಮಹಾಸಭೆ ತೀರ್ಮಾನಿಸಿದರೆ ನನಗೆ ಬೇಸರವಿಲ್ಲ. ಬೇಕು ಅಂತಾದರೆ ಈ ಸಲ ಠರಾವಿಗೆ ಅನುಮೋದನೆ ಕೊಡುವವನು ನಾನಾಗಬಾರದು ಎಂದು ನನ್ನ ಆಸೆ. ಮುಂದಿನ ಸಾಲಿನಲ್ಲಿ ಕುಳಿತಿರುವ ಆ ಹಿರಿಯ ಸದಸ್ಯೆಯೇ ಮೂರನೆಯ ದಿನದ ಟ್ರಿಪ್ಪಿನಲ್ಲಿ ಡ್ರೈವರ್ ಪಕ್ಕ ಕುಳಿತು, ಗೋಣಿಕೊಪ್ಪ ನೋಡಿ ಬಂದು, ಆಮೇಲೆ ಕೈ ಎತ್ತಲಿ. ಅವರು ಎತ್ತಿದರೆ ನಾನೂ ಎತ್ತುತ್ತೇನೆ.



ಜೈ ಸಹಕಾರ. ಜೈ ಕರ್ನಾಟಕ.